ಮಾವನ ಕಾಲು, ಬುಲೆಟ್‌ನ ಗೇರು

ಮಾವನ ಬುಲೆಟ್‌ಗೆ ಗೇರು ಎಡಗಡೆ ಇತ್ತು. ಹಳೇ ಬುಲೆಟ್ ಓಡಿಸಿದವರಿಗೆ ಇಷ್ಟು ಹೇಳಿದರೆ ಸಾಕು, ಹುಬ್ಬು ಮೇಲೇರುತ್ತದೆ. ಮಿಕ್ಕವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅದು 1986ರ ಗಾಡಿ. ಕೆ.ಎ. ನಂಬರುಗಳು ಬರುವುದಕ್ಕೆ ಮುಂಚಿನದು, ಸಿ.ಎ. ಎಂದು ಶುರುವಾಗುವ ಪ್ಲೇಟಿನದು. ಆ ಕಾಲದ ಬುಲೆಟ್‌ನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಕಿಕ್ಕರ್ ಕೂಡ ಬಲಕ್ಕೇ. ಮೊದಲನೇ ಗೇರಿಗೆ ಲಿವರನ್ನು ಮೇಲಕ್ಕೆತ್ತಬೇಕು, ಉಳಿದ ಮೂರಕ್ಕೆ ಕೆಳಕ್ಕೆ ಒತ್ತಬೇಕು. ಹಿಮ್ಮಡಿಗೆ ಸಿಗುವಂತೆ ಇನ್ನೊಂದು ಪುಟ್ಟ ಲಿವರ್ ಬೇರೆ. ಎರಡು, ಮೂರು, ನಾಲ್ಕು, ಯಾವ ಗೇರಿನಲ್ಲಿದ್ದರೂ ಅದನ್ನೊಮ್ಮೆ ತುಳಿದರೆ ಗಾಡಿ ನೇರ ನ್ಯೂಟ್ರಲ್‌ಗೆ ಬಂದು ನಿಲ್ಲುತ್ತದೆ. ಮೇಖ್ರಿ ಸರ್ಕಲ್ಲಿನ ಸಿಗ್ನಲ್‌ನಲ್ಲಿ ಆ ಸುಖವನ್ನು ಇವತ್ತಿನ ಗಾಡಿಗಳು ಕೊಡಲಾರವು.

ಬಲಗಡೆ ಗೇರು ಎನ್ನುವುದು ಇಂಗ್ಲೆಂಡಿನ ಗಾಡಿಗಳ ಸಂಪ್ರದಾಯ. 1955ರಲ್ಲಿ ರೆಡಿಚ್‌ನ ರಾಯಲ್ ಎನ್‌ಫೀಲ್ಡ್ ಕಂಪನಿ ಮದ್ರಾಸ್ ಮೋಟಾರ್ಸ್ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿದಾಗ ಆ ಸಂಪ್ರದಾಯವೂ ಎಂಜಿನ್ನಿನ ಜೊತೆಗೇ ಮದ್ರಾಸಿಗೆ ಬಂತು. 1974ರ ಸೆಪ್ಟೆಂಬರಿನಿಂದ ಅಮೆರಿಕದವರು ತಮ್ಮಲ್ಲಿಗೆ ಬರುವ ಪ್ರತಿ ಮೋಟಾರ್‌ಸೈಕಲ್ಲಿನ ಗೇರೂ ಎಡಗಡೆಯೇ ಇರಬೇಕೆಂದು ಕಾನೂನು ಮಾಡಿದರು. ಟ್ರಯಂಫ್, ನಾರ್ಟನ್ ಕಂಪನಿಗಳು ಗಡಿಬಿಡಿಯಲ್ಲಿ ತಮ್ಮ ಗೇರನ್ನು ಬಲದಿಂದ ಎಡಕ್ಕೆ ದಾಟಿಸಿದವು. ನಮ್ಮ ಬುಲೆಟ್‌ಗೆ ಅದರ ಬಿಸಿ ತಟ್ಟಲಿಲ್ಲ. ಅದು ಇನ್ನೂ ಎರಡೂವರೆ ದಶಕ ಬಲಗಾಲಿನಲ್ಲೇ ನಡೆಯಿತು.

ಆದ್ದರಿಂದ ಒಂದೇ ಬೀದಿಯಲ್ಲಿ ಎರಡು ಬಗೆಯ ಕಾಲುಗಳಿದ್ದವು. ಮತ್ತಿಕೆರೆಯ ನಮ್ಮ ಮನೆಯಲ್ಲಿ ಅಪ್ಪನದು ಯೆಜ್ದಿ ರೋಡ್‌ಕಿಂಗ್. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. 1960ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಆ ಕಾರ್ಖಾನೆಯ ಗಾಡಿಗೆ ಕಿಕ್ಕರೂ ಗೇರೂ ಒಂದೇ ಲಿವರ್, ಅದೂ ಎಡಗಡೆ. ಲಿವರನ್ನು ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ಮಲಗಿಸಿದರೆ ಗೇರು. ಗೇರಿನ ಲಿವರ್ ತುಳಿದಾಗ ಕ್ಲಚ್ಚೂ ತಾನಾಗಿಯೇ ಬಿಡುತ್ತಿತ್ತು. ಅಪ್ಪ ಕ್ಲಚ್ ಹಿಡಿಯದೆ ಗೇರು ಬದಲಾಯಿಸಿ ತೋರಿಸಿ ನಮ್ಮನ್ನು ಬೆರಗುಗೊಳಿಸುತ್ತಿದ್ದರು. ನನ್ನ ಎಡಗಾಲು ಕಲಿತದ್ದು ಆ ಗಾಡಿಯಲ್ಲಿ. ಹಾಗಾಗಿ ಯಲಹಂಕದ ಮಾವನ ಬುಲೆಟ್‌ನಲ್ಲಿ ಗೇರು ಎಡಗಡೆ ಇದ್ದದ್ದು ಹುಡುಗನಾಗಿದ್ದಾಗ ನನಗೆ ವಿಚಿತ್ರವಾಗಿ ಕಂಡದ್ದೇ ಇಲ್ಲ. ಎಲ್ಲ ಗಾಡಿಗಳೂ ಹೀಗೇ ಎಂದುಕೊಂಡಿದ್ದೆ.

ವಿಚಿತ್ರವಾಗಿ ಕಂಡದ್ದು ಇನ್ನೊಂದು. ಮಾವ ಗಾಡಿಯ ಮೇಲೆ ಕೂತು ಕಿಕ್ ಹೊಡೆಯುತ್ತಿರಲಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಗಾಡಿಯ ಬಲಪಕ್ಕದಲ್ಲಿ ನೆಲದ ಮೇಲೆ ನಿಂತು, ಎಡಗಾಲಿನಿಂದ ಕಿಕ್ಕರ್ ತುಳಿಯುತ್ತಿದ್ದರು. ಡೀಕಂಪ್ರೆಸರ್ ಒತ್ತಿ, ಆಂಪಿಯರ್ ಮೀಟರಿನ ಮುಳ್ಳು ನಡುವೆ ಬರುವುದನ್ನು ನೋಡಿ, ಆಮೇಲೆ ಒಂದೇ ಏಟು. ಅದು ಮಾವನ ಸ್ಟೈಲು ಅಂತ ನಾವು ಹುಡುಗರು ನಮ್ಮನಮ್ಮ ಸೈಕಲ್ಲಿನ ಪಕ್ಕ ಹಾಗೆಯೇ ನಿಂತು ನಟಿಸುತ್ತಿದ್ದೆವು.

ಮಾವ ಯಲಹಂಕದ ವೀಲ್ ಅಂಡ್ ಆಕ್ಸಲ್ ಪ್ಲಾಂಟಿನಲ್ಲಿ ಟರ್ನರ್ ಆಗಿದ್ದರು. 1984ರಲ್ಲಿ ಶುರುವಾದ, ರೈಲಿನ ಗಾಲಿ ಮತ್ತು ಅಚ್ಚು ಮಾಡುವ ಆ ಕಾರ್ಖಾನೆಯನ್ನು ಈಗ ರೈಲು ಗಾಲಿ ಕಾರ್ಖಾನೆ ಎನ್ನುತ್ತಾರೆ. ಹಳಬರ ಬಾಯಲ್ಲಿ ಇನ್ನೂ ವೀಲ್ ಅಂಡ್ ಆಕ್ಸಲ್ಲೇ. ನಿವೃತ್ತಿಯಾದ ಮೇಲೂ ಮಾವ ವಾರಕ್ಕೊಮ್ಮೆ ಗಾಡಿ ಒರೆಸುವುದನ್ನು ಬಿಡಲಿಲ್ಲ. 2019ರಲ್ಲಿ ತೀರಿಕೊಂಡರು. ಮಕ್ಕಳಿಬ್ಬರೂ ಹೊರದೇಶದಲ್ಲಿ. “ಗುಜರಿಗೆ ಹಾಕೋ ಹಾಗಿದ್ರೆ ನನ್ನ ಕೇಳಬೇಡ, ಓಡಿಸೋ ಹಾಗಿದ್ರೆ ತಗೊಂಡು ಹೋಗು,” ಅಂದರು ಅತ್ತೆ.

ತಗೊಂಡು ಹೋಗುವುದು ಎಂದರೆ ಮೊದಲು ಕಾಗದ. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31. ಅತ್ತೆಯ ಹೆಸರಿಗೆ ಆದ ಮೇಲೆ ಅಲ್ಲಿಂದ ನನ್ನ ಹೆಸರಿಗೆ ಫಾರಂ 29 ಮತ್ತು 30. ಹದಿನೈದು ವರ್ಷ ದಾಟಿದ ಗಾಡಿಯಾದ್ದರಿಂದ ಐದೈದು ವರ್ಷಕ್ಕೆ ನವೀಕರಣ, ಅದಕ್ಕೆ ಗಾಡಿಯನ್ನು ಇನ್ಸ್‌ಪೆಕ್ಟರರ ಮುಂದೆ ನಿಲ್ಲಿಸಬೇಕು. ಇದನ್ನೆಲ್ಲ ಬರೆದರೆ ಓದುವವರಿಗೆ ಶಿಕ್ಷೆ. ಮುಖ್ಯ ಸಂಗತಿ ಏನೆಂದರೆ, ಇನ್ಸ್‌ಪೆಕ್ಟರರ ಮುಂದೆ ನಿಲ್ಲಿಸುವಂಥ ಸ್ಥಿತಿಯಲ್ಲಿ ಗಾಡಿ ಇರಲಿಲ್ಲ. ಬ್ರೇಕ್ ಪೆಡಲ್ ಒತ್ತಿದರೆ ಒತ್ತಿದಲ್ಲೇ ಮಲಗುತ್ತಿತ್ತು, ನಿಧಾನಕ್ಕೆ ಮೇಲೆ ಬರುತ್ತಿತ್ತು. ಅಷ್ಟರಲ್ಲಿ ಡ್ರಮ್ಮು ಕೈ ಇಡಲಾಗದಷ್ಟು ಬಿಸಿ. ಗೇರಂತೂ ಎರಡಕ್ಕೂ ಮೂರಕ್ಕೂ ನಡುವೆ ಎಲ್ಲೋ ಕಳೆದುಹೋಗುತ್ತಿತ್ತು. ಹೆಬ್ಬಾಳದ ಫ್ಲೈಓವರ್ ಹತ್ತುವಾಗ, ಹಿಂದೆ ಏರ್‌ಪೋರ್ಟ್ ಬಸ್ಸು ಹಾರನ್ ಹೊಡೆಯುತ್ತಿರುವಾಗ, ಎಂಜಿನ್ ಒಂದೇ ಸಮನೆ ಕೂಗಿ ಗಾಡಿ ಮುಂದಕ್ಕೆ ಹೋಗದಿದ್ದರೆ ಹೇಗಿರುತ್ತದೆ ಎನ್ನುವುದು ಅನುಭವಿಸಿದವರಿಗೇ ಗೊತ್ತು.

ಬುಲೆಟ್ ಪ್ರಿಯರ ಗುಂಪೊಂದು ಭಾನುವಾರ ಬೆಳಗ್ಗೆ ನಂದಿಬೆಟ್ಟಕ್ಕೆ ಹೋಗುತ್ತದೆ. ಅವರಲ್ಲೊಬ್ಬರು ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ, “ಒರಿಜಿನಲ್ ಉಳಿದಿಲ್ಲ” ಎಂದರು. ಆಮೇಲೆ ಪರಿಹಾರ ಸೂಚಿಸಿದರು: ಈ ಎಡಗಡೆಯ ಕಸವನ್ನೆಲ್ಲ ಕಿತ್ತು ಬಿಸಾಕಿ, ದೆಹಲಿಯ ಕರೋಲ್ ಬಾಗ್‌ನಿಂದ ಬಲಗಡೆಯ ಗೇರ್ ಲಿವರು, ಎಡಗಡೆಯ ಬ್ರೇಕ್ ಪೆಡಲ್ಲು, ಬ್ರೇಕ್ ರಾಡು ತರಿಸಿ ಹಾಕಿ. ಸಾಮಾನಿಗೆ ಬರವಿಲ್ಲ ಎನ್ನುವುದು ನಿಜವೇ. ಲೂಧಿಯಾನಾದಲ್ಲಿ, ಕರೋಲ್ ಬಾಗ್‌ನಲ್ಲಿ ಹಳೇ ಬುಲೆಟ್‌ನ ಸಾಮಾನೆಲ್ಲ ಹೊಸದಾಗಿ ಸಿಗುತ್ತದೆ, ಇಲ್ಲಿ ಜೆ.ಸಿ. ರೋಡಿನ ಅಂಗಡಿಗಳಲ್ಲೂ ಬಹುಪಾಲು ಸಿಗುತ್ತದೆ. ಆದರೆ ಆ ‘ಒರಿಜಿನಲ್’ ಲಿವರು ಕೂಡ ನಿನ್ನೆ ಮೊನ್ನೆ ಲೂಧಿಯಾನಾದಲ್ಲಿ ಎರಕ ಹೊಯ್ದದ್ದು. ಅದರ ಕಬ್ಬಿಣ ಎಷ್ಟೋ ಸಲ ಮೆತ್ತಗಿರುತ್ತದೆ. ಶಾಫ್ಟಿನ ಹಲ್ಲಿಗೆ ಕೂರಿಸಿ ಬೋಲ್ಟ್ ಬಿಗಿ ಮಾಡಿದ ಕೆಲವೇ ತಿಂಗಳಲ್ಲಿ ಲಿವರಿನ ಒಳಹಲ್ಲು ಬೋಳಾಗುತ್ತದೆ.

ಕಸ ಎಂದ ಆ ಸಾಮಾನು ಯಾವುದು, ಎಲ್ಲಿಯದು ಎಂದು ಮೊದಲು ತಿಳಿಯಬೇಕೆನಿಸಿತು. ಆರ್.ಟಿ. ನಗರದ ಆಚೆ ಸುಲ್ತಾನ್‌ಪಾಳ್ಯದಲ್ಲಿ ಹಳೇ ಬುಲೆಟ್ ನೋಡುವ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಅವರು ಗಾಡಿ ಸ್ಟಾರ್ಟೇ ಮಾಡಲಿಲ್ಲ. ಮಣೆ ಹಾಕಿಕೊಂಡು ಎಡಗಡೆ ಕೂತು, ಟಾರ್ಚ್ ಬಿಟ್ಟು, ಬಟ್ಟೆಯಿಂದ ಗ್ರೀಸು ಒರೆಸುತ್ತಾ ನೋಡಿದರು. ಆಮೇಲೆ ಬಲಗಡೆಗೆ ಹೋಗಿ ಅಷ್ಟೇ ಹೊತ್ತು ನೋಡಿದರು.

“ಇದು ಅಂಗಡಿ ಮಾಲಲ್ಲ ಸಾರ್,” ಅಂದರು. “ಕಿಟ್ ಬರ್ತಿತ್ತು ಒಂದು ಕಾಲದಲ್ಲಿ, ಪಟ್ಟಿ ಕಟ್ ಮಾಡಿ ವೆಲ್ಡ್ ಹೊಡೆದಿರೋದು. ಇದು ಅದಲ್ಲ. ಇದನ್ನ ಕೆಲಸ ಗೊತ್ತಿರೋನು ತನಗೆ ಅಂತ ಮಾಡ್ಕೊಂಡಿದಾನೆ.”

ಹೇಗೆ ಗೊತ್ತಾಯಿತು ಎಂದು ಕೇಳಿದೆ. ಬೆರಳಿಟ್ಟು ತೋರಿಸಿದರು. ಗೇರ್‌ಬಾಕ್ಸ್ ಹಳೇ ಆಲ್ಬಿಯನ್ ಮಾದರಿಯ ನಾಲ್ಕು ಗೇರಿನದೇ, ಅದನ್ನು ಯಾರೂ ಮುಟ್ಟಿಲ್ಲ. ಬಲಗಡೆ ಗೇರ್ ಲಿವರ್ ಇರಬೇಕಾದ ಜಾಗದಲ್ಲಿ ಒಂದು ಗಿಡ್ಡ ತೋಳು. ಆ ತೋಳಿನಿಂದ ಒಂದು ರಾಡು ಹಿಂದಕ್ಕೆ ಹೋಗಿ, ಗೇರ್‌ಬಾಕ್ಸಿನ ಹಿಂದೆ ಅಡ್ಡಲಾಗಿ ಹಾಯುವ ಶಾಫ್ಟಿನ ಇನ್ನೊಂದು ತೋಳಿಗೆ ಸೇರುತ್ತದೆ. ಶಾಫ್ಟಿನ ಎಡತುದಿಯಲ್ಲಿ ಕಾಲಿಗೆ ಸಿಗುವ ಲಿವರು. ಕಿಟ್‌ನವರು ಇಂಥ ಶಾಫ್ಟನ್ನು ಬರಿಯ ಪೈಪಿನೊಳಗೆ ತಿರುಗಲು ಬಿಡುತ್ತಾರೆ. ಇಲ್ಲಿ ಎರಡೂ ತುದಿಗೆ ಗನ್‌ಮೆಟಲ್ ಬುಷ್ಷು. ತೋಳುಗಳ ಅಂಚನ್ನೆಲ್ಲ ಕೈಗೆ ಕುಯ್ಯದ ಹಾಗೆ ಚ್ಯಾಂಫರ್ ಹೊಡೆದಿದೆ. ಕಣ್ಣಿಗೆ ಬೀಳದ ಜಾಗದಲ್ಲೂ ಲೇತಿನ ಫಿನಿಶ್ ಇದೆ. ಟರ್ನರ್ ಮಾವನ ಕೈ ನನಗೆ ಅಲ್ಲೇ ಗುರುತು ಸಿಕ್ಕಿತು.

ಆದರೆ ಎಡಗಡೆಯ ಲಿವರು ಮಾತ್ರ ಅವರು ಮಾಡಿದ್ದಲ್ಲ. ಹೀರೋ ಹೋಂಡಾ ಸಿಡಿ 100ರದ್ದು ಎಂದರು ಉಸ್ತಾದ್. ಮುಂದೆ ಬೆರಳಿಗೆ, ಹಿಂದೆ ಹಿಮ್ಮಡಿಗೆ, ಎರಡೂ ಕಡೆ ತುಳಿಯುವಂಥದ್ದು. ಇಷ್ಟು ಚೆನ್ನಾಗಿ ಮಿಕ್ಕದ್ದೆಲ್ಲ ಮಾಡಿಕೊಂಡವರು ಲಿವರನ್ನು ಯಾಕೆ ಬೇರೆ ಗಾಡಿಯಿಂದ ತಂದರು? ಉಸ್ತಾದ್ ನನ್ನ ಚಪ್ಪಲಿ ನೋಡಿ ಕೇಳಿದರು: “ನಿಮ್ ಮಾವ ಫ್ಯಾಕ್ಟರಿ ಬೂಟು ಹಾಕ್ತಿದ್ರಾ?” ಹೌದು, ಮುಂದೆ ಕಬ್ಬಿಣದ ಟೋಪಿ ಇರುವ ಸೇಫ್ಟಿ ಶೂ. ಅಷ್ಟು ದಪ್ಪದ ಮೂತಿ ಲಿವರಿನ ಕೆಳಗೆ ತೂರುವುದಿಲ್ಲ. ಬೆರಳಿನಿಂದ ಎತ್ತುವ ಬದಲು ಹಿಮ್ಮಡಿಯಿಂದ ತುಳಿಯಬಹುದಾದ ಲಿವರು ಅವರಿಗೆ ಬೇಕಿತ್ತು.

ಇನ್ನೊಂದು ಜಾಣತನವನ್ನು ಅವರು ತೋರಿಸದಿದ್ದರೆ ನಾನು ನೋಡುತ್ತಲೇ ಇರಲಿಲ್ಲ. ಎರಡು ತೋಳುಗಳಲ್ಲಿ ಒಂದು ಮೇಲ್ಮುಖ, ಇನ್ನೊಂದು ಕೆಳಮುಖ. ಎರಡೂ ಒಂದೇ ಕಡೆಗಿದ್ದರೆ ಲಿವರು ತಿರುಗಿದ ದಿಕ್ಕಿಗೇ ಗೇರಿನ ಶಾಫ್ಟೂ ತಿರುಗುತ್ತದೆ. ಎದುರುಬದುರಾಗಿದ್ದರೆ ದಿಕ್ಕು ತಿರುವುಮುರುವು. ಅಂದರೆ ಒಂದು ಮೇಲೆ, ಮೂರು ಕೆಳಗೆ ಇದ್ದದ್ದು ಮಾವನ ಗಾಡಿಯಲ್ಲಿ ಒಂದು ಕೆಳಗೆ, ಮೂರು ಮೇಲೆ ಆಗಿತ್ತು. ಗೇರ್‌ಬಾಕ್ಸಿನ ಒಂದು ಸ್ಕ್ರೂ ಕೂಡ ಬಿಚ್ಚದೆ.

ಬಲಗಡೆ ಬ್ರೇಕು. ಬುಲೆಟ್‌ನ ಹಿಂದಿನ ಡ್ರಮ್ಮು ಎಡಗಡೆಯೇ ಇರುವುದರಿಂದ ಬಲಗಡೆಯ ಪೆಡಲಿಗೆ ಇನ್ನೊಂದು ಅಡ್ಡ ಶಾಫ್ಟು ಬೇಕು. ಅದೂ ಮಾವನದೇ ಕೆಲಸ. ಪೆಡಲಿನ ತಟ್ಟೆ ಅಂಗೈಯಷ್ಟು ಅಗಲ, ಹೊರಗಿನ ಅಂಚು ಸ್ವಲ್ಪ ಮೇಲೆದ್ದಿದೆ; ಫುಟ್‌ರೆಸ್ಟಿಗಿಂತ ತೀರ ತಗ್ಗಿನಲ್ಲಿದೆ. ನ್ಯೂಟ್ರಲ್ ಲಿವರನ್ನು ಮಾತ್ರ ಬಲಗಡೆಯೇ ಉಳಿಸಿಕೊಂಡಿದ್ದರು, ತುದಿಗೆ ಒಂದು ತುಂಡು ಸೇರಿಸಿ ಉದ್ದ ಮಾಡಿ.

ಉಸ್ತಾದ್ ಪೆಡಲಿನ ಮೇಲೆ ಅಂಗೈ ಇಟ್ಟು ಒತ್ತಿ ನೋಡಿ, “ಇವರಿಗೆ ಬಲಗಾಲಿನ ಪಾದ ಮಡಚ್ತಿರಲಿಲ್ಲ,” ಅಂದರು.

ಸಂಜೆ ಅತ್ತೆಗೆ ಫೋನ್ ಮಾಡಿದೆ. ಹೌದು ಕಣೋ ಅಂದರು, ಅದರಲ್ಲೇನು ಗುಟ್ಟು ಎಂಬ ಹಾಗೆ. 1993ರಲ್ಲಿ ಟೆರೇಸಿನ ನೀರಿನ ಟ್ಯಾಂಕ್ ತೊಳೆಯಲು ಏಣಿ ಹತ್ತಿ ಬಿದ್ದು ಬಲಗಾಲಿನ ಹರಡು ಮುರಿದಿತ್ತು. ಮೂಳೆ ಕೂಡಿತು, ಕೀಲು ಬಿಗಿದುಕೊಂಡಿತು. ನಡೆಯಲು ತೊಂದರೆಯಿಲ್ಲ, ಕುಂಟಿದ್ದನ್ನು ನಾವ್ಯಾರೂ ನೋಡಲಿಲ್ಲ. ಆದರೆ ಪಾದವನ್ನು ಮೇಲಕ್ಕೆ ಎತ್ತಲು ಆಗುತ್ತಿರಲಿಲ್ಲ. ಬುಲೆಟ್‌ಗೆ ಮೊದಲನೇ ಗೇರು ಹಾಕಬೇಕೆಂದರೆ ಬಲಪಾದವನ್ನೇ ಎತ್ತಬೇಕು. “ಗಾಡಿ ಮಾರಿಬಿಡಿ, ಸ್ಕೂಟರ್ ತಗೊಳ್ಳಿ ಅಂದೆ. ಎರಡು ದಿನ ಮಾತಾಡಲಿಲ್ಲ. ಆಮೇಲೆ ರಟ್ಟಿನಲ್ಲಿ ಏನೇನೋ ಕತ್ತರಿಸಿಕೊಂಡು ಕೂತ್ರು.” ರಟ್ಟಿನಲ್ಲಿ ತೋಳು, ಲಿವರು, ಪೆಡಲು ಕತ್ತರಿಸಿ, ಗಾಡಿಗೆ ದಾರದಲ್ಲಿ ಕಟ್ಟಿ, ಮೇಲೆ ಕೂತು ಕಾಲಾಡಿಸಿ ನೋಡುತ್ತಿದ್ದರಂತೆ.

ಆಗ ಎಲ್ಲವೂ ಜೋಡಣೆಯಾಯಿತು. ಎತ್ತಬೇಕಾದ ಕೆಲಸವನ್ನೆಲ್ಲ ಎಡಗಾಲಿಗೆ ಕೊಟ್ಟು, ಬಲಗಾಲಿಗೆ ತುಳಿಯುವ ಕೆಲಸ ಮಾತ್ರ ಉಳಿಸಿಕೊಂಡಿದ್ದರು. ತುಳಿಯುವುದಕ್ಕೂ ಹರಡು ಬಗ್ಗಬಾರದು. ತೊಡೆಯಿಂದ ಇಡೀ ಕಾಲನ್ನು ಇಳಿಸಿದರೆ ಬ್ರೇಕು ಬೀಳಬೇಕು. ಅದಕ್ಕೇ ತಗ್ಗಿನಲ್ಲಿ ಅಗಲ ತಟ್ಟೆ, ಬೂಟು ಜಾರದಿರಲು ಎತ್ತರದ ಅಂಚು. ನ್ಯೂಟ್ರಲ್ ಲಿವರ್ ಹೇಗೂ ಹಿಮ್ಮಡಿಯದು, ಹಾಗಾಗಿ ಅಲ್ಲೇ ಉಳಿಯಿತು. ಗಾಡಿಯ ಪಕ್ಕ ನಿಂತು ಎಡಗಾಲಿನಲ್ಲಿ ಕಿಕ್ ಹೊಡೆಯುತ್ತಿದ್ದ ಸ್ಟೈಲಿನ ಕಾರಣವೂ ತಿಳಿಯಿತು. ಈ ಮಾರ್ಪಾಡಿನ ಬಗ್ಗೆ ಕಾಗದದಲ್ಲಂತೂ ಏನೂ ಇರಲಿಲ್ಲ. ಆರ್‌ಸಿಯಲ್ಲಿ ಗೇರು ಯಾವ ಕಡೆ ಎಂಬ ಕಾಲಂ ಕೂಡ ಇಲ್ಲ.

ರಿಪೇರಿಗೆ ಬರೋಣ. ಎರಡಕ್ಕೂ ಮೂರಕ್ಕೂ ನಡುವೆ ಗೇರು ಕಳೆದುಹೋಗುತ್ತದೆ ಎಂದರೆ ಸಾಮಾನ್ಯವಾಗಿ ಗೇರ್‌ಬಾಕ್ಸ್ ಬಿಚ್ಚುತ್ತಾರೆ. ಈ ಬಾಕ್ಸುಗಳಿಗೆ ಫಾಲ್ಸ್ ನ್ಯೂಟ್ರಲ್ಲಿನ ಅಪಖ್ಯಾತಿ ಇರುವುದರಿಂದ ಯಾರೂ ಎರಡನೇ ಮಾತಾಡುವುದಿಲ್ಲ. ಉಸ್ತಾದ್ ಬಿಚ್ಚಲಿಲ್ಲ. ನನ್ನನ್ನು ಎಡಗಡೆ ಕೂರಿಸಿ ಲಿವರಿನ ತುದಿಯನ್ನು ಕೈಯಲ್ಲಿ ನಿಧಾನಕ್ಕೆ ಅಲ್ಲಾಡಿಸಲು ಹೇಳಿ, ತಾವು ಬಲಗಡೆ ಗಿಡ್ಡ ತೋಳನ್ನು ನೋಡುತ್ತಾ ಕೂತರು. ಎಡಗಡೆ ಲಿವರು ಒಂದು ಬೆರಳಿನಷ್ಟು ಆಡಿದ ಮೇಲೆ ಬಲಗಡೆಯ ತೋಳು ಕದಲಲು ಶುರು. ಅಲ್ಲಿಯವರೆಗಿನ ಕಾಲಿನ ಶ್ರಮವೆಲ್ಲ ನಡುದಾರಿಯಲ್ಲೇ ಖರ್ಚು. ಗೇರಿನ ರ‍್ಯಾಚೆಟ್‌ಗೆ ಪೂರ್ತಿ ತಿರುಗು ಸಿಗದೆ ಅರ್ಧದಲ್ಲೇ ನಿಲ್ಲುತ್ತಿತ್ತು.

ಆಟ ಒಂದೇ ಕಡೆ ಇರಲಿಲ್ಲ. ಲಿವರಿನ ಹಲ್ಲಿನಲ್ಲಿ ಒಂದಿಷ್ಟು, ಎರಡು ಬುಷ್ಷಿನಲ್ಲಿ ಒಂದಿಷ್ಟು, ರಾಡಿನ ಎರಡು ತುದಿಯ ಪಿನ್ನುಗಳಲ್ಲಿ ಮಿಕ್ಕದ್ದು. ಪ್ರತಿ ಕೀಲನ್ನೂ ಒಂದೊಂದಾಗಿ ಬಿಗಿಯಾಗಿ ಹಿಡಿದುಕೊಂಡು ಮತ್ತೆ ಅಲ್ಲಾಡಿಸಿದರೆ ಯಾವುದರ ಪಾಲು ಎಷ್ಟೆಂದು ತಿಳಿಯುತ್ತದೆ. ಒಂದು ಪಿನ್ನಿಗೆ ಸ್ಪ್ಲಿಟ್ ಪಿನ್ನಿನ ಬದಲು ಬೈಂಡಿಂಗ್ ವೈರ್ ಸುತ್ತಿತ್ತು. ಮಾವ ಮಾಡಿದ ಕೆಲಸ ಅದಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಅವರಿಗೆ ವಯಸ್ಸಾಗಿ ಗಾಡಿಯನ್ನು ಹೊರಗೆ ಕೊಡಲು ಶುರುಮಾಡಿದ ಮೇಲೆ ಯಾರೋ ಸುತ್ತಿದ್ದು.

ಬುಷ್ಷನ್ನು ಯಶವಂತಪುರದ ಇಂಡಸ್ಟ್ರಿಯಲ್ ಸಬರ್ಬ್‌ನ ಒಂದು ಲೇತ್ ಅಂಗಡಿಯಲ್ಲಿ ತಿರುಗಿಸಿಕೊಟ್ಟರು. ಶಾಫ್ಟೂ ಸವೆದಿದ್ದರಿಂದ ಮೊದಲು ಅದನ್ನು ಗ್ರೈಂಡ್ ಮಾಡಿ ದುಂಡಗೆ ಮಾಡಿ, ಆ ಅಳತೆಗೆ ಬುಷ್ಷಿನ ತೂತು ಬೋರ್ ಮಾಡಿದರು. ಹಳೆಯ ಬುಷ್ಷನ್ನು ಮೈಕ್ರೋಮೀಟರಿನಲ್ಲಿ ಅಳೆಯುತ್ತಾ ಆ ಟರ್ನರ್, “ಯಾರ್ ಮಾಡಿದ್ದು ಸಾರ್ ಇದು?” ಎಂದು ಕೇಳಿದ. ವೀಲ್ ಅಂಡ್ ಆಕ್ಸಲ್‌ನವರು ಎಂದೆ. ಹಂಗೆ ಹೇಳಿ ಮತ್ತೆ, ಅಂದ. ರಾಡಿನ ತುದಿಗೆ ಪಿನ್ನಿನ ಬದಲು ಬಾಲ್ ಜಾಯಿಂಟ್ ಹಾಕಿದೆವು. ಬ್ರೇಕಿನ ಶಾಫ್ಟಿಗೆ ಗ್ರೀಸ್ ನಿಪ್ಪಲ್ ಕೂರಿಸಿದೆವು. ಪೆಡಲು ಮಲಗುತ್ತಿದ್ದುದಕ್ಕೆ ಒಳಗೆ ಕಲ್ಲಾಗಿದ್ದ ಹಳೇ ಗ್ರೀಸೇ ಕಾರಣ. ಅದನ್ನು ಕೆರೆದು ತೆಗೆದು, ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಪೆಡಲು ಕಾಲಿಗಿಂತ ಮುಂಚೆ ಮೇಲೆದ್ದು ಬರುತ್ತಿತ್ತು. ಕೊನೆಗೆ ಗೇರ್‌ಬಾಕ್ಸಿನ ಹೊರಮೈಯಲ್ಲಿರುವ ಎರಡು ಬೋಲ್ಟ್ ಸಡಿಲಿಸಿ ಸ್ಟಾಪ್ ಪ್ಲೇಟನ್ನು ಕೂದಲೆಳೆಯಷ್ಟು ಸರಿಸಿದರು ಉಸ್ತಾದ್. ಮೇಲೆ ಕೆಳಗೆ ಎರಡೂ ಕಡೆ ಗೇರು ಒಂದೇ ಸಮ ಬೀಳುವ ಹಾಗೆ ಮಾಡುವುದು ಅಲ್ಲೇ. ಕೀಲುಗಳ ಆಟ ತೆಗೆಯದೆ ಆ ಪ್ಲೇಟ್ ಮುಟ್ಟಿದರೆ ಯಾವ ಪ್ರಯೋಜನವೂ ಇಲ್ಲ.

ಬ್ರೇಕ್ ಪೆಡಲನ್ನು ಮಾತ್ರ ಮಾವನ ಎತ್ತರದಲ್ಲಿ ಬಿಡಲಿಲ್ಲ. ನನ್ನ ಹರಡು ಬಗ್ಗುತ್ತದೆ. ಅಷ್ಟು ತಗ್ಗಿನ ಪೆಡಲನ್ನು ಹುಡುಕಲು ನನ್ನ ಪಾದ ಇಳಿಬಿದ್ದು ತಡವುತ್ತಿತ್ತು, ಆ ತಡದಲ್ಲಿ ಮುಂದಿನ ಆಟೋ ಇನ್ನಷ್ಟು ಹತ್ತಿರ ಬಂದಿರುತ್ತಿತ್ತು. ಬ್ರೇಕಿನ ವಿಷಯದಲ್ಲಿ ನೆನಪು, ಗೌರವ ಎಂದೆಲ್ಲ ಕೂರಲಾಗದು. ಸ್ಟಾಪರ್ ಬೋಲ್ಟ್ ಉದ್ದ ಮಾಡಿಸಿ ಎತ್ತರಿಸಿದೆ, ತಟ್ಟೆಯನ್ನು ಅರ್ಧ ಕತ್ತರಿಸಿದೆ. ಎಡಗಡೆಯ ಗೇರನ್ನು ಹಾಗೇ ಉಳಿಸಿಕೊಂಡೆ. ಅದೂ ಭಕ್ತಿಯಿಂದಲ್ಲ, ಯೆಜ್ದಿಯಲ್ಲಿ ಕಲಿತ ಕಾಲಿಗೆ ಅದೇ ಹಿತ. ನಂದಿಬೆಟ್ಟದ ಗೆಳೆಯರಿಗೆ ಈಗಲೂ ಅಸಮಾಧಾನವಿದೆ. 2000ದ ನಂತರ ಐದು ಗೇರಿನ ಬಾಕ್ಸ್ ತಂದಾಗ ಕಂಪನಿಯವರೇ ಗೇರನ್ನು ಎಡಕ್ಕೆ, ಬ್ರೇಕನ್ನು ಬಲಕ್ಕೆ ಮಾಡಿದರಲ್ಲ, ನಮ್ಮ ಮಾವ ಸ್ವಲ್ಪ ಮುಂಚೆ ಮಾಡಿದರು ಅಷ್ಟೆ ಎಂದರೆ ನಗುತ್ತಾರೆ, ಒಪ್ಪುವುದಿಲ್ಲ.

ನವೀಕರಣವಾದ ಮೇಲೆ ಗಾಡಿಯನ್ನು ಅತ್ತೆಗೆ ತೋರಿಸಲು ಯಲಹಂಕ ಉಪನಗರಕ್ಕೆ ತಗೊಂಡು ಹೋದೆ. ಅವರು ಗೇರನ್ನೂ ನೋಡಲಿಲ್ಲ, ಬ್ರೇಕನ್ನೂ ನೋಡಲಿಲ್ಲ. ಸೀರೆ ನೆರಿಗೆ ಹಿಡಿದು ಹಿಂದಿನ ಸೀಟಿಗೆ ಒರಗಿ, ಎಡಗಡೆಯ ಲೇಡೀಸ್ ಫುಟ್‌ರೆಸ್ಟಿನ ಮೇಲೆ ಪಾದ ಇಟ್ಟು ನೋಡಿದರು. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಜಾಗ, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಗಾರ್ಡು ಇರಬೇಕೆಂದು ಮೋಟಾರು ವಾಹನ ನಿಯಮಗಳಲ್ಲಿದೆ. ಮಾವ ಆ ಫುಟ್‌ರೆಸ್ಟನ್ನೂ ಅಂಗಡಿಯದು ಬೇಡವೆಂದು ತಾವೇ ಮಾಡಿದ್ದರು. ಬ್ರೇಕಿನ ರಾಡು ಅದರ ಹಿಂದೆ ಒಂಚೂರೂ ತಾಗದೆ ಹಾದುಹೋಗುತ್ತದೆ. ರಿಪೇರಿಯ ಉದ್ದಕ್ಕೂ ನಾನಾಗಲಿ ಉಸ್ತಾದ್ ಆಗಲಿ ಅದರ ಕಡೆ ನೋಡಿರಲಿಲ್ಲ.

“ಇದನ್ನ ಮೂರು ಬೆರಳು ಇಳಿಸು,” ಅಂದರು ಅತ್ತೆ. “ಮಂಡಿ ಇಷ್ಟು ಮಡಚಿ ಕೂರೋಕೆ ಆಗಲ್ಲ. ನಿಮ್ಮ ಮಾವ ಅಳತೆ ತಗೊಂಡಾಗ ನನಗೆ ಮೂವತ್ತೆಂಟು ವರ್ಷ ಕಣೋ.”

ಅವತ್ತು ಶುಕ್ರವಾರ, ಮಧ್ಯಾಹ್ನ ಉಸ್ತಾದ್ ಗ್ಯಾರೇಜು ಮುಚ್ಚಿರುತ್ತದೆ. ಶನಿವಾರ ಬೆಳಗ್ಗೆ ಹೋದೆ.